ಅಜ್ಜಿಗೆ ಮೂವತ್ತಮೂರು ಹಲ್ಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಟಿ.ಬಿ. ಡ್ಯಾಮಿನಲ್ಲಿರುವ ನಮಗೆ ಆ ಒಂದು ವಾರ ಬೇರೆ ಮಾತೇ ಇರಲಿಲ್ಲ. ಕಂಪ್ಲಿ, ಗಂಗಾವತಿ ಕಡೆ ಭತ್ತ ನಾಟಿ ಮಾಡಿದ್ದ ರೈತರು ಹರಿದು ಹೋಗುತ್ತಿದ್ದ ನೀರನ್ನು ನೋಡಿ ತಲೆಯ ಮೇಲೆ ಕೈಯಿಟ್ಟು ಕುಳಿತಿದ್ದರು. ಮಸೀದಿಯಲ್ಲಿ ದುಆ, ಗುಡಿಯಲ್ಲಿ ಪೂಜೆ ನಡೆಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದಾಗ ಇಡೀ ಊರು ಉಸಿರು ಬಿಟ್ಟಿತು.

ಇದಾದ ಕೆಲವು ದಿನಗಳ ಬಳಿಕ ಒಬ್ಬ ತಾಯಿ ನನ್ನ ಮನೆಗೆ ಬಂದರು. ಅವರ ಮಗಳು ಒಂಬತ್ತನೇ ತರಗತಿ. ಸಂಜೆ ನನ್ನ ಬಳಿ ಕುರ್‌ಆನ್ ಓದಲು ಬರುವವಳು. ತಾಯಿ ದುಪಟ್ಟಾದೊಳಗಿಂದ ಒಂದು ರಫ್ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು.

"ಆಪಾ, ನೀವೇ ನೋಡಿ. ಲೆಕ್ಕದ ಪುಸ್ತಕದ ಹಿಂದೆಲ್ಲಾ ಇದೇ. ಅವಳ ಅಬ್ಬಾ ನೋಡಿದರೆ ಹರಿದು ಹಾಕ್ತಾರೆ. ನೀವು ಹೇಳಿದರೆ ಕೇಳ್ತಾಳೆ."

ನಾನು ಪುಟ ತಿರುಗಿಸಿದೆ. ಒಂದು ಪುಟದಲ್ಲಿ ನಮ್ಮ ಡ್ಯಾಮು. ಆದರೆ ಅದು ಡ್ಯಾಮಲ್ಲ, ಬಾಯಗಲ ನಗುತ್ತಿರುವ ಒಬ್ಬ ಅಜ್ಜಿ. ಗೇಟುಗಳೆಲ್ಲ ಅವಳ ಹಲ್ಲುಗಳು. ನಡುವೆ ಒಂದು ಹಲ್ಲು ಇಲ್ಲ, ಅಲ್ಲಿಂದ ನೀರು ಸುರಿಯುತ್ತಿದೆ. ಕೆಳಗೆ ಒಬ್ಬ ರೈತ ಭತ್ತದ ಸಸಿಯ ಕಟ್ಟು ಹಿಡಿದು ಮೇಲೆ ನೋಡುತ್ತಿದ್ದಾನೆ. ಪಕ್ಕದಲ್ಲಿ ಫೈಲು ಹಿಡಿದ ಅಧಿಕಾರಿಯೊಬ್ಬರು ಅವನಿಗೆ ಸಮಾಧಾನ ಹೇಳುತ್ತಿದ್ದಾರೆ: "ಮನುಷ್ಯರಿಗೆ 32 ಹಲ್ಲಪ್ಪಾ. ಇವಳಿಗೆ 33 ಇತ್ತು. ಈಗ ಲೆಕ್ಕ ಸರಿಹೋಯ್ತು."

ನಮ್ಮ ಡ್ಯಾಮಿಗಿರುವುದು 33 ಗೇಟು. ಟಿ.ಬಿ. ಡ್ಯಾಮಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಗೊತ್ತಿರುವ ಲೆಕ್ಕ ಅದು. ಆದರೆ ನಲವತ್ತು ದಾಟಿದ ನನಗೆ ಅದರಲ್ಲಿ ಈ ತಮಾಷೆ ಇದೆಯೆಂದು ಯಾವತ್ತೂ ಹೊಳೆದಿರಲಿಲ್ಲ. ನನಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡೆ. ಮರುದಿನ ಹುಡುಗಿಯನ್ನು ಕೂರಿಸಿಕೊಂಡು, ಇದೆಲ್ಲ ಬೇಡಮ್ಮಾ, ಓದಿನ ಕಡೆ ಗಮನ ಕೊಡು ಎಂದೆ. ಅವಳು "ಆಯ್ತು ಆಪಾ" ಎಂದಳು. ನೋಟ್‌ಬುಕ್ಕನ್ನು ನಾನು ಬೀರುವಿನಲ್ಲಿಟ್ಟೆ.

ಅವಳು ನಿಜವಾಗಿಯೂ ನಿಲ್ಲಿಸಿಬಿಟ್ಟಳು. ಅವಳು ವಿಧೇಯಳಾದಳೆಂದು ಸಂತೋಷಪಡಬೇಕಾದ ನನಗೆ ಯಾಕೋ ಸಮಾಧಾನವಾಗಲಿಲ್ಲ. ಅವಳಿಗೆ ಬೇಡವೆಂದದ್ದು ದೀನಿನ ಕಾರಣಕ್ಕೋ, ಅನ್ನದ ಕಾರಣಕ್ಕೋ, ಜನ ಏನೆಂದಾರು ಎಂಬ ಕಾರಣಕ್ಕೋ? ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿ ಕೊಟ್ಟಿದ್ದೆ. ಆ ಗಂಟನ್ನು ಬಿಚ್ಚಿ ನೋಡಲು ಹೊರಟಾಗ ತಿಳಿದದ್ದನ್ನು ಇಲ್ಲಿ ಓದುಗ ಸಹೋದರಿಯರ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಗೌರವವುಂಟು, ಧನವಿಲ್ಲ

ಮೊದಲು ಅನ್ನದ ಮಾತು. ಯಾಕೆಂದರೆ ಆ ತಾಯಿಯ ಎರಡನೇ ಪ್ರಶ್ನೆ ಅದೇ ಆಗಿತ್ತು: "ಇದರಿಂದ ಏನಾದರೂ ಬದುಕೋಕೆ ಆಗುತ್ತಾ ಆಪಾ?"

ಹೊಸಪೇಟೆಯಲ್ಲಿ ನನಗೆ ಪರಿಚಯದ ಒಬ್ಬ ಕಲಾವಿದರಿದ್ದಾರೆ. ಹಿಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೆಲಸವಿಲ್ಲದಾಯಿತು. ಈಗ ಶಾಲೆಯ ಗೋಡೆ, ಅಂಗನವಾಡಿ ಗೋಡೆಗಳಿಗೆ ಬಣ್ಣ ಹಚ್ಚುತ್ತಾರೆ. ರಾತ್ರಿ ಕುಳಿತು ಸಣ್ಣ ಪತ್ರಿಕೆಗಳಿಗೆ ಕಾರ್ಟೂನು ಬರೆಯುತ್ತಾರೆ. ಸಂಭಾವನೆ ಎಷ್ಟು ಸಿಗುತ್ತದೆ ಎಂದು ಕೇಳಿದೆ. "ಗೌರವಧನ ಅಂತಾರೆ ಮೇಡಂ. ಗೌರವ ತಪ್ಪದೆ ಬರುತ್ತೆ, ಧನ ದಾರಿಯಲ್ಲಿರುತ್ತೆ" ಎಂದರು.

ಅವರ ದಿನಚರಿ ಕೇಳಿ ನನಗೆ ಆಶ್ಚರ್ಯವಾಯಿತು. ಬೆಳಿಗ್ಗೆ ನಾಲ್ಕೈದು ಪತ್ರಿಕೆ ಓದಬೇಕು. ದಿನವಿಡೀ ತಲೆಯಲ್ಲಿ ಒಂದೇ ಯೋಚನೆ ಕೊರೆಯುತ್ತಿರುತ್ತದೆ. ಹತ್ತು ಹೊಳೆದರೆ ಒಂಬತ್ತನ್ನು ಬಿಡಬೇಕು. ಉಳಿದ ಒಂದು, ಬಸ್ಸಿನಲ್ಲಿ ನಿಂತು ಪತ್ರಿಕೆ ನೋಡುವವನಿಗೂ ಕಣ್ಣು ಹಾಯಿಸಿದ ಕೂಡಲೇ ಅರ್ಥವಾಗಬೇಕು. ಲೇಖನವಾದರೆ ಓದುಗ ಮತ್ತೆ ಹಿಂದಿನ ಸಾಲಿಗೆ ಹೋಗಿ ಬಂದಾನು. ಕಾರ್ಟೂನಿಗೆ ಆ ರಿಯಾಯಿತಿ ಇಲ್ಲ. ಒಬ್ಬ ರಾಜಕಾರಣಿಯ ಮುಖದಲ್ಲಿ ಮೂಗನ್ನು ಹಿಡಿಯಬೇಕೋ ಹುಬ್ಬನ್ನು ಹಿಡಿಯಬೇಕೋ ಎಂದು ಕಂಡುಕೊಳ್ಳಲಿಕ್ಕೇ ಕೆಲವು ದಿನ ಹಿಡಿಯುತ್ತದಂತೆ. ಅಷ್ಟರಲ್ಲಿ ಆತ ಪಕ್ಷ ಬದಲಿಸಿರುತ್ತಾನೆ! ಇಷ್ಟೆಲ್ಲ ಮಾಡಿ ಬರೆದದ್ದು ಮರುದಿನಕ್ಕೆ ಹಳಸಿಹೋಗುತ್ತದೆ.

ಇನ್ನೊಂದು ನೋವೂ ಅವರಿಗಿದೆ. ಅವರೇ ಬರೆದ ಕಾರ್ಟೂನು ಒಂದು ದಿನ ವಾಟ್ಸಾಪಿನಲ್ಲಿ ಅವರಿಗೇ ಬಂತು. ಕೆಳಗಿದ್ದ ಅವರ ಸಹಿಯನ್ನು ಯಾರೋ ಕತ್ತರಿಸಿದ್ದರು. ಕಳಿಸಿದವರು ಅವರ ಭಾವಮೈದುನ. "ಯಾರೋ ಚೆನ್ನಾಗಿ ಬರೆದಿದ್ದಾರೆ ನೋಡಿ" ಎಂದು ಬೇರೆ ಸೇರಿಸಿದ್ದರಂತೆ.

ಇದು ನಮ್ಮೂರಿನ ಸಣ್ಣ ಕಲಾವಿದರ ಕಥೆ ಮಾತ್ರ ಅಲ್ಲ. ಕುಂದಾಪುರದ ಸತೀಶ್ ಆಚಾರ್ಯರ ಹೆಸರನ್ನು ನೀವು ಕೇಳಿರಬಹುದು. ಮುಂಬಯಿಯ ಮಿಡ್ ಡೇ ಪತ್ರಿಕೆಯಲ್ಲಿ ಕೆಲಸ ಮಾಡಿ, ನಂತರ ಊರಿಗೆ ಮರಳಿ, ಕುಂದಾಪುರದಲ್ಲೇ ಕುಳಿತು ದೇಶವಿದೇಶಗಳ ಓದುಗರನ್ನು ತಲುಪಿದವರು. 2018ರ ಆಗಸ್ಟಿನಲ್ಲಿ ಚೀನಾದ ಪ್ರಭಾವದ ಕುರಿತು ಅವರು ಬರೆದ ಒಂದು ಚಿತ್ರವನ್ನು ದಿಲ್ಲಿಯ ಮೇಲ್ ಟುಡೇ ಪತ್ರಿಕೆ ಒಪ್ಪಲಿಲ್ಲ. ಅದರೊಂದಿಗೆ ಆ ಪತ್ರಿಕೆಯಲ್ಲಿ ಅವರ ಅಂಕಣವೂ ನಿಂತಿತು. ಹೀಗೆಂದು ಅವರೇ ಬಹಿರಂಗವಾಗಿ ಬರೆದುಕೊಂಡರು. ಕುಂದಾಪುರದಂಥ ಊರಿನಲ್ಲಿ ಕುಳಿತೂ ಈ ಕೆಲಸ ಮಾಡಬಹುದು ಎಂಬುದು ಅವರ ಬದುಕಿನಿಂದ ತಿಳಿಯುವ ಒಂದು ಸಂಗತಿ. ಎಷ್ಟೇ ಹೆಸರಿದ್ದರೂ ಒಂದು ಚಿತ್ರಕ್ಕೆ ಕೆಲಸ ಹೋಗಬಹುದು ಎಂಬುದು ಇನ್ನೊಂದು.

ಅಮೆರಿಕದಲ್ಲೂ ಇದೇ ಪಾಡು. ನ್ಯೂಯಾರ್ಕ್ ಟೈಮ್ಸ್ ತನ್ನ ಅಂತಾರಾಷ್ಟ್ರೀಯ ಆವೃತ್ತಿಯಲ್ಲಿ ದಿನವೂ ಬರುತ್ತಿದ್ದ ರಾಜಕೀಯ ಕಾರ್ಟೂನನ್ನು 2019ರ ಜುಲೈಯಿಂದ ನಿಲ್ಲಿಸಿತು. 2023ರ ಜುಲೈಯಲ್ಲಿ ಅಲ್ಲಿನ ಮೆಕ್‌ಕ್ಲಾಚಿ ಪತ್ರಿಕಾ ಸಮೂಹವು ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಮೂವರು ವ್ಯಂಗ್ಯಚಿತ್ರಕಾರರನ್ನು ಒಂದೇ ಏಟಿಗೆ ಮನೆಗೆ ಕಳಿಸಿತು. ಈಗಂತೂ ನಾಲ್ಕು ಪದ ಬರೆದರೆ ಚಿತ್ರ ಮಾಡಿಕೊಡುವ ಕೃತಕ ಬುದ್ಧಿಮತ್ತೆ ಬಂದಿದೆ. ಸಂಬಳ ಕೊಟ್ಟು ಒಬ್ಬ ಕಲಾವಿದನನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳುವ ಮಾಲಿಕರಿಗೆ ಅದೊಂದು ನೆಪ. ಡ್ಯಾಮಿನ ಗೇಟುಗಳನ್ನು ಹಲ್ಲೆಂದು ಎಣಿಸುವ ಬುದ್ಧಿ ಆ ಯಂತ್ರಕ್ಕೆ ಬರುತ್ತದೋ ಇಲ್ಲವೋ ನಾನರಿಯೆ. ಆದರೆ ನೀರು ಹೋದ ರೈತನ ಮುಖವನ್ನು ಅದು ಎದುರಿಗೆ ನಿಂತು ನೋಡಿರುವುದಿಲ್ಲ.

ಆದ್ದರಿಂದ ಆ ತಾಯಿಗೆ ನಾನು ಸುಳ್ಳು ಹೇಳಲಾರೆ. ಬರೀ ಕಾರ್ಟೂನಿನಿಂದ ಮನೆ ನಡೆಯುವುದು ಕಷ್ಟ. ಪಾಠಪುಸ್ತಕಗಳ ಚಿತ್ರ, ಮಕ್ಕಳ ಪುಸ್ತಕ, ಜಾಹೀರಾತು, ಆರೋಗ್ಯ ಇಲಾಖೆಯ ಭಿತ್ತಿಪತ್ರ, ಇವೆಲ್ಲ ಸೇರಿದರೆ ಒಂದು ಸಂಪಾದನೆ. ನಮ್ಮ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸ ಇದು ಎಂಬುದನ್ನು ಮಾತ್ರ ಮರೆಯಬಾರದು. ಹೊಲಿಗೆ ಯಂತ್ರಕ್ಕೆ ನಾವು ಸಾಲ ಮಾಡುತ್ತೇವೆ. ಪೆನ್ಸಿಲ್ಲಿಗೆ ಯಾಕೆ ಹೆದರುತ್ತೇವೆ?

ನಗಿಸಿದವರು ನಮ್ಮ ನೆಲದಲ್ಲೇ ಇದ್ದರು

ಚಿತ್ರ ತೋರಿಸಿ ದೊಡ್ಡವರನ್ನು ಕಿಚಾಯಿಸುವುದು ಪಟ್ಟಣದಿಂದ ಬಂದ ಹೊಸ ಚಾಳಿಯಲ್ಲ. ಬಳ್ಳಾರಿ ಸೀಮೆಯ ತೊಗಲುಗೊಂಬೆ ಆಟದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಜೋಡಿ ಬರುತ್ತದೆ. ರಾಜರ ಕಥೆಯ ನಡುವೆ ನುಗ್ಗಿ, ಊರಿನ ಸುದ್ದಿ ಎತ್ತಿ ಜನರನ್ನು ನಗಿಸುವವರು ಅವರು. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಆ ತೊಗಲುಗೊಂಬೆಗಳಲ್ಲೇ ಗಾಂಧೀಜಿಯ ಕಥೆಯನ್ನೂ ಆಡಿ ತೋರಿಸಿದರು. ಪತ್ರಿಕೆ ಇಲ್ಲದ ಕಾಲದಲ್ಲಿ ಕಿಳ್ಳೇಕ್ಯಾತನೇ ನಮ್ಮ ಕಾರ್ಟೂನು.

ಇಡೀ ದೇಶವನ್ನು ನಗಿಸಿದ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತಾ, ಡಾ. ಎಂ. ಶಿವರಾಂ ಅವರು ನಡೆಸುತ್ತಿದ್ದ ಕನ್ನಡದ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದರು. ಮುಂದೆ ಟೈಮ್ಸ್ ಆಫ್ ಇಂಡಿಯಾದಲ್ಲಿ ದಶಕಗಳ ಕಾಲ ಅವರ 'ಸಾಮಾನ್ಯ ಮನುಷ್ಯ' ಚೌಕುಳಿ ಕೋಟು ತೊಟ್ಟು ಎಲ್ಲವನ್ನೂ ನೋಡುತ್ತಾ ನಿಂತ, ಒಂದು ಮಾತೂ ಆಡಲಿಲ್ಲ. ತರಗತಿಯಲ್ಲಿ ಮಾತಾಡದ ಮಕ್ಕಳು ಎಲ್ಲವನ್ನೂ ಗಮನಿಸುತ್ತಿರುತ್ತಾರೆ ಎಂಬುದು ಶಿಕ್ಷಕಿಯಾಗಿ ನನ್ನ ಅನುಭವ ಕೂಡಾ.

ನಮ್ಮ ಸಮುದಾಯದವರೇ ಆದ ಪಿ. ಮಹಮ್ಮದ್ ಅವರನ್ನು ಹೆಸರಿಸದಿದ್ದರೆ ತಪ್ಪಾದೀತು. ಬಹಳ ವರ್ಷ ಪ್ರಜಾವಾಣಿಯಲ್ಲಿ ಅವರ ವ್ಯಂಗ್ಯಚಿತ್ರಗಳು ಬಂದವು. ಬೆಳಗಿನ ಚಹಾದ ಜೊತೆ ಅದನ್ನು ನೋಡಿದ ಲಕ್ಷಾಂತರ ಓದುಗರು ಬರೆದವರ ಧರ್ಮ ಯಾವುದೆಂದು ಕೇಳಿ ನಗಲಿಲ್ಲ. ನಕ್ಕು ಪುಟ ತಿರುಗಿಸಿದರು. ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಗೆರೆಗೆ ಹೆದರುವವರು

ಇನ್ನು ಭಯದ ಮಾತು. ಹುಡುಗಿಯ ತಾಯಿ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಚಿತ್ರದಲ್ಲಿದ್ದ ಅಧಿಕಾರಿಯ ಮೇಲೆ ಬೆರಳಿಟ್ಟು, "ಇದನ್ನ ಯಾರಾದರೂ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದರೆ?" ಎಂದರು. ಮುಸ್ಲಿಮ್ ಮನೆಯ ತಾಯಿಗೆ ಇವತ್ತು ಈ ಪ್ರಶ್ನೆ ಬಾರದೆ ಇರದು.

ಆ ಭಯ ಪೂರ್ತಿ ಕಲ್ಪನೆಯಲ್ಲ. 2012ರಲ್ಲಿ ಅಸೀಮ್ ತ್ರಿವೇದಿ ಎಂಬ ಯುವಕನನ್ನು ಭ್ರಷ್ಟಾಚಾರದ ವಿರುದ್ಧ ಬರೆದ ವ್ಯಂಗ್ಯಚಿತ್ರಗಳಿಗಾಗಿ ಮುಂಬಯಿಯಲ್ಲಿ ದೇಶದ್ರೋಹದ ಕಲಮಿನಡಿ ಬಂಧಿಸಿದ್ದರು. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರ ಕುರಿತ ಒಂದು ಕಾರ್ಟೂನಿಗಾಗಿ ತಮಿಳಿನ ಹಳೆಯ ಪತ್ರಿಕಾ ಸಂಸ್ಥೆ ವಿಕಟನ್‌ನ ಜಾಲತಾಣವನ್ನೇ ತಡೆಹಿಡಿಯಲಾಯಿತು. ಆ ಚಿತ್ರವನ್ನು ಸದ್ಯಕ್ಕೆ ತೆಗೆಯುವ ಷರತ್ತಿನ ಮೇಲೆ ಮದ್ರಾಸ್ ಹೈಕೋರ್ಟು ಮಾರ್ಚಿನಲ್ಲಿ ತಾಣವನ್ನು ತೆರೆಸಿತು. ಮುಸ್ಲಿಮ್ ದೇಶಗಳಲ್ಲೇನೂ ಬೇರೆ ಸ್ಥಿತಿಯಿಲ್ಲ. ಮಲೇಷ್ಯಾದ ಝುನಾರ್ ಮೇಲೆ 2015ರಲ್ಲಿ ಒಂಬತ್ತು ದೇಶದ್ರೋಹದ ಆರೋಪಗಳನ್ನು ಹೊರಿಸಲಾಗಿತ್ತು. ಸರಕಾರ ಬದಲಾದ ಮೇಲೆ 2018ರಲ್ಲಿ ಕೈಬಿಟ್ಟರು. ಸಿರಿಯಾದ ಅಲಿ ಫರ್ಝಾತ್ ಅವರನ್ನು 2011ರ ಆಗಸ್ಟಿನಲ್ಲಿ ಮುಸುಕುಧಾರಿಗಳು ಹಿಡಿದು, ಬೆರಳುಗಳನ್ನು ಮುರಿದರು.

ಈ ಸಾಲಿನಲ್ಲಿ ನನ್ನ ಮನಸ್ಸನ್ನು ಬಿಡದೆ ಹಿಡಿದವರು ಫೆಲೆಸ್ತೀನಿನ ನಾಜಿ ಅಲ್ ಅಲಿ. 1948ರಲ್ಲಿ ಗಲಿಲಿಯ ತಮ್ಮ ಹಳ್ಳಿಯಿಂದ ಹೊರದಬ್ಬಲ್ಪಟ್ಟಾಗ ಅವರಿಗೆ ಸುಮಾರು ಹತ್ತು ವರ್ಷ. ಲೆಬನಾನಿನ ಐನುಲ್ ಹಿಲ್ವಾ ನಿರಾಶ್ರಿತರ ಶಿಬಿರದಲ್ಲಿ ಬೆಳೆದರು. ಕಾಗದವಿಲ್ಲದ ಶಿಬಿರದಲ್ಲಿ ಗೋಡೆಗಳ ಮೇಲೆ ಚಿತ್ರ ಬರೆದರು. 1969ರಲ್ಲಿ ಕುವೈತಿನ ಪತ್ರಿಕೆಯೊಂದರಲ್ಲಿ ಅವರ 'ಹಂದಲಾ' ಹುಟ್ಟಿದ. ತೇಪೆ ಹಾಕಿದ ಬಟ್ಟೆ, ಬರಿಗಾಲು, ಮುಳ್ಳುಹಂದಿಯಂಥ ತಲೆಗೂದಲು. ಹಂದಲಾ ಎಂಬ ಹೆಸರೇ ಒಂದು ಕಹಿ ಬಳ್ಳಿಯ ಹೆಸರಿನಿಂದ ಬಂದದ್ದು. ಎಷ್ಟು ಕಿತ್ತರೂ ಬೇರಿನಿಂದ ಮತ್ತೆ ಚಿಗುರುವ ಬಳ್ಳಿ. ಕೆಲವು ವರ್ಷಗಳಲ್ಲಿ ಆ ಹುಡುಗ ನಮಗೆ ಬೆನ್ನು ತಿರುಗಿಸಿ, ಕೈಗಳನ್ನು ಹಿಂದೆ ಕಟ್ಟಿ ನಿಂತ. ಮತ್ತೆ ತಿರುಗಲೇ ಇಲ್ಲ. ಊರಿಗೆ ಮರಳುವವರೆಗೂ ಅವನ ವಯಸ್ಸು ಹತ್ತೇ. ನಾಜಿ ಅಲ್ ಅಲಿ ಇಸ್ರೇಲನ್ನೂ ಬಿಡಲಿಲ್ಲ, ಅರಬ್ ದೊರೆಗಳನ್ನೂ ಬಿಡಲಿಲ್ಲ, ತಮ್ಮದೇ ನಾಯಕರನ್ನೂ ಬಿಡಲಿಲ್ಲ. 1987ರ ಜುಲೈ 22ರಂದು ಲಂಡನಿನ ಬೀದಿಯಲ್ಲಿ ಅವರ ಮೇಲೆ ಗುಂಡು ಹಾರಿತು. ಆಗಸ್ಟ್ 29ರಂದು ಕೊನೆಯುಸಿರೆಳೆದರು. ಇಂದು ಗಾಝಾದ ಸುದ್ದಿ ಬಂದಾಗಲೆಲ್ಲ ಜಗತ್ತಿನ ಯಾವುದೋ ಗೋಡೆಯ ಮೇಲೆ ಆ ಹುಡುಗ ಬೆನ್ನು ತಿರುಗಿಸಿ ನಿಂತಿರುತ್ತಾನೆ.

ಕಾರ್ಟೂನು ಎಂದಾಕ್ಷಣ ನಮ್ಮ ಮನೆಗಳಲ್ಲಿ ನೆನಪಾಗುವುದು ಹಂದಲಾ ಅಲ್ಲ, ಡೆನ್ಮಾರ್ಕ್ ಎಂಬುದೂ ನಿಜ. 2005ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪತ್ರಿಕೆಯೊಂದು ಪ್ರವಾದಿ(ಸ)ರನ್ನು ಅವಹೇಳನ ಮಾಡುವ ಚಿತ್ರಗಳನ್ನು ಪ್ರಕಟಿಸಿತು. ಆ ನೋವು ಇನ್ನೂ ಆರಿಲ್ಲ, ಆರಬೇಕಾಗಿಯೂ ಇಲ್ಲ. ಆದರೆ 2015ರ ಜನವರಿಯಲ್ಲಿ ಪ್ಯಾರಿಸಿನ ಚಾರ್ಲಿ ಹೆಬ್ದೋ ಕಚೇರಿಗೆ ನುಗ್ಗಿ ಹನ್ನೆರಡು ಮಂದಿಯನ್ನು ಕೊಂದವರು ಪ್ರವಾದಿ(ಸ)ರ ಗೌರವವನ್ನು ಎತ್ತಿ ಹಿಡಿದರೆಂದು ನಾನು ಒಪ್ಪಲಾರೆ. ತಾಯಿಫ್‌ನಲ್ಲಿ ಕಲ್ಲೆಸೆದವರಿಗಾಗಿ ಪ್ರಾರ್ಥಿಸಿದವರ ಉಮ್ಮತ್ ನಾವು. ಅಂದು ಬೀದಿಯಲ್ಲಿ ಗುಂಡೇಟಿಗೆ ಬಲಿಯಾದ ಪೊಲೀಸ್ ಅಹ್ಮದ್ ಮೆರಾಬೆತ್ ಒಬ್ಬ ಮುಸ್ಲಿಮ್ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಮಕ್ಕಳಿಗೆ ಹೇಳಿದ್ದೇವೆ?

ಯಾರನ್ನು ನೋಡಿ ನಗುವುದು?

ಹಾಗಾದರೆ ನಗುವಿಗೆ ಒಂದು ಗಡಿ ಬೇಡವೇ? ಬೇಕು. ಆ ಗಡಿ ನಮಗೆ ಹೊಸದೂ ಅಲ್ಲ. ಸೂರಃ ಅಲ್ ಹುಜುರಾತ್‌ನ 11ನೇ ವಚನದಲ್ಲಿ ಅಲ್ಲಾಹನು ಒಂದು ಜನಾಂಗವು ಇನ್ನೊಂದನ್ನು ಗೇಲಿ ಮಾಡುವುದನ್ನು ತಡೆದಿದ್ದಾನೆ. ಅಲ್ಲಿ ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಿರುವುದನ್ನು ಮದ್ರಸದಲ್ಲಿ ಓದುವಾಗ ನಾವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ನೆನಪಿದೆ. ಅಡ್ಡಹೆಸರಿಟ್ಟು ಕರೆಯುವುದನ್ನೂ ಅದೇ ವಚನ ತಡೆಯುತ್ತದೆ. ಇನ್ನೊಂದೆಡೆ, ಅಕ್ರಮಿ ಆಡಳಿತಗಾರನ ಮುಂದೆ ಸತ್ಯ ಹೇಳುವುದನ್ನು ಪ್ರವಾದಿ(ಸ)ರು ಶ್ರೇಷ್ಠ ಜಿಹಾದ್ ಎಂದು ಕಲಿಸಿದ್ದಾರೆ. ಇವೆರಡನ್ನೂ ಜೊತೆಯಾಗಿ ಇಟ್ಟುಕೊಂಡರೆ ವ್ಯಂಗ್ಯಚಿತ್ರಕಾರನಿಗೆ ದಾರಿ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಕುರ್ಚಿಯ ಮೇಲಿರುವವನ ತಪ್ಪನ್ನು ಬರೆ. ಕುರ್ಚಿಯ ಕೆಳಗಿರುವವನ ಹುಟ್ಟನ್ನು, ಬಣ್ಣವನ್ನು, ಅಂಗವನ್ನು ಬರೆಯಬೇಡ.

ಈ ಗಡಿ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಕನ್ನಡಿಗರೇ ಸಾಕ್ಷಿ. ಬಾಳ ಠಾಕ್ರೆಯವರೂ ಲಕ್ಷ್ಮಣರ ಹಾಗೆ ವ್ಯಂಗ್ಯಚಿತ್ರಕಾರರೇ. ಇಬ್ಬರೂ ಒಂದೇ ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಠಾಕ್ರೆ 1960ರಲ್ಲಿ ಆರಂಭಿಸಿದ 'ಮಾರ್ಮಿಕ್' ಪತ್ರಿಕೆ ಮುಂಬಯಿಯಲ್ಲಿ ದುಡಿಯುತ್ತಿದ್ದ ದಕ್ಷಿಣ ಭಾರತೀಯರನ್ನು ಗುರಿ ಮಾಡಿತು. ಲಕ್ಷ್ಮಣರ ಗೆರೆಗೆ ಸಾಮಾನ್ಯ ಮನುಷ್ಯ ಸಿಕ್ಕಿದ, ಠಾಕ್ರೆಯವರ ಗೆರೆಗೆ ಶತ್ರು ಸಿಕ್ಕಿದ.

ನಮ್ಮನ್ನೇ ಶತ್ರುವಾಗಿ ಬರೆಯುವ ಸೋಮಾರಿ ಗೆರೆಯೂ ಇದೆ. ಗಡ್ಡ, ಟೋಪಿ, ಬುರ್ಖಾ ಹಾಕಿಬಿಟ್ಟರೆ ಉಳಿದದ್ದನ್ನು ಓದುಗನೇ ತುಂಬಿಕೊಳ್ಳುತ್ತಾನೆ. 2020ರ ಮಾರ್ಚಿನಲ್ಲಿ ಕೊರೋನಾ ಕುರಿತು ದಿ ಹಿಂದೂ ಪತ್ರಿಕೆಯಲ್ಲಿ ಬಂದ ಒಂದು ಕಾರ್ಟೂನಿನಲ್ಲಿ ವೈರಾಣುವಿಗೆ ಮುಸ್ಲಿಮರ ಉಡುಪಿನಂಥ ಬಟ್ಟೆ ತೊಡಿಸಲಾಗಿತ್ತು. ಓದುಗರು ಆಕ್ಷೇಪಿಸಿದರು. ಪತ್ರಿಕೆ ವಿಷಾದಿಸಿ ಚಿತ್ರವನ್ನು ಬದಲಾಯಿಸಿತು. ಇಲ್ಲಿ ಕಲ್ಲೂ ಬೀಳಲಿಲ್ಲ, ಬೆಂಕಿಯೂ ಹತ್ತಲಿಲ್ಲ. ಓದುಗರ ಪತ್ರಗಳು ಕೆಲಸ ಮಾಡಿದವು. ಆದರೆ ಪ್ರತಿಸಲ ಆಕ್ಷೇಪಿಸುವವರಾಗಿಯೇ ಉಳಿಯಬೇಕೇ? ಆ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂರುವವರು ನಮ್ಮ ಮನೆಗಳಿಂದಲೂ ಹೋಗಬೇಡವೇ?

ರೆಕ್ಕೆಯಿದ್ದ ಕುದುರೆ

ಅಲ್ಲಿಗೆ ಬಂದಾಗ ಎದುರಾಗುವುದೇ ಚಿತ್ರದ ಪ್ರಶ್ನೆ. ಇದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಜೀವಿಗಳ ಚಿತ್ರ ರಚಿಸುವವರ ಕುರಿತು ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಬಹುಪಾಲು ವಿದ್ವಾಂಸರು ಕೈಯಿಂದ ಜೀವಿಗಳ ಚಿತ್ರ ಬರೆಯುವುದನ್ನು ನಿಷಿದ್ಧವೆಂದೇ ಹೇಳಿದ್ದಾರೆ. ಚಿತ್ರ ಬರೆದೇ ಬದುಕುತ್ತಿದ್ದ ಒಬ್ಬ ವ್ಯಕ್ತಿ ಹ. ಇಬ್ನು ಅಬ್ಬಾಸ್(ರ)ರ ಬಳಿ ಬಂದು ತನ್ನ ಗತಿಯೇನೆಂದು ಕೇಳಿದಾಗ, ಮರವನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ಅವರು ಸಲಹೆ ಕೊಟ್ಟರು. ಈ ಹದೀಸಿನಲ್ಲಿ ನನಗೆ ಹಿಡಿಸಿದ್ದು, ಅವರು ಬಂದವನ ಹೊಟ್ಟೆಪಾಡನ್ನು ಮರೆಯಲಿಲ್ಲ. ಬೇಡ ಎಂದಷ್ಟೇ ಹೇಳಿ ಕಳಿಸದೆ, ಅವನ ಕೈಗೆ ಬೇರೊಂದು ಕೆಲಸ ಕೊಟ್ಟು ಕಳಿಸಿದರು. ನಾನು ಆ ಹುಡುಗಿಗೆ ಏನು ಕೊಟ್ಟಿದ್ದೆ?

ಇನ್ನೊಂದು ಹದೀಸ್ ಅಬೂದಾವೂದ್‌ನಲ್ಲಿದೆ. ಹ. ಆಇಶಾ(ರ)ರ ಆಟಿಕೆಗಳ ನಡುವೆ ಬಟ್ಟೆಯ ಎರಡು ರೆಕ್ಕೆಗಳಿದ್ದ ಒಂದು ಕುದುರೆಯಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ)ರು ಅಚ್ಚರಿಯಿಂದ ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದ ವಿಷಯ ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಆಗ ಪ್ರವಾದಿ(ಸ)ರು ದವಡೆ ಹಲ್ಲು ಕಾಣುವಷ್ಟು ನಕ್ಕರಂತೆ. ಆ ರೆಕ್ಕೆಯ ಕುದುರೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಈ ಕಾಲದ ಕೆಲವು ವಿದ್ವಾಂಸರು ಶಿಕ್ಷಣಕ್ಕಾಗಿ, ಮಕ್ಕಳಿಗಾಗಿ, ಸಮಾಜದ ಅಗತ್ಯಕ್ಕಾಗಿ ಕಾಗದದ ಮೇಲೆ ಬರೆಯುವ ಚಿತ್ರಗಳಿಗೆ ಷರತ್ತುಗಳೊಂದಿಗೆ ಅವಕಾಶವಿದೆ ಎಂದಿದ್ದಾರೆ. ಒಪ್ಪದವರೂ ಇದ್ದಾರೆ. ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಪ್ರತಿಯೊಂದು ಮನೆಯವರೂ ತಾವು ನಂಬುವ ಆಲಿಮರನ್ನು ಕೇಳಿಯೇ ಮುಂದುವರಿಯಲಿ. ಆದರೆ ಕೇಳುವಾಗ ಪ್ರಾಮಾಣಿಕರಾಗಿರೋಣ. ಮದುವೆಯ ಆಲ್ಬಮ್ಮಿಗೆ, ವೀಡಿಯೊಗೆ ಸಾವಿರಾರು ರೂಪಾಯಿ ಸುರಿಯುವಾಗ ಕೇಳದ ಪ್ರಶ್ನೆಯನ್ನು ಹುಡುಗಿಯೊಬ್ಬಳ ರಫ್ ನೋಟ್‌ಬುಕ್ ಮುಂದೆ ಮಾತ್ರ ಕೇಳುವುದು ದೀನಿನ ಕಾಳಜಿಯಲ್ಲ. ಇದನ್ನು ಬರೆಯುವಾಗ ನನ್ನ ತಂಗಿಯ ಮದುವೆಯ ಆಲ್ಬಮ್ ನನ್ನದೇ ಬೀರುವಿನಲ್ಲಿ, ಆ ನೋಟ್‌ಬುಕ್ ಇದ್ದ ಖಾನೆಯಲ್ಲೇ ಇದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಅಡುಗೆಮನೆಯಿಂದ ಪಾರ್ಲಿಮೆಂಟಿಗೆ

ಹೆಂಗಸರು ಈ ಕ್ಷೇತ್ರದಲ್ಲಿ ಬೆರಳೆಣಿಕೆಯಷ್ಟೇ. ಬೆಂಗಳೂರಿನ ಮಾಯಾ ಕಾಮತ್ ಅವರಲ್ಲಿ ಮೊದಲಿಗರ ಸಾಲಿನವರು. 1985ರಲ್ಲಿ ಒಂದು ಕುಟುಂಬದ ದಿನನಿತ್ಯದ ತಮಾಷೆಗಳನ್ನು ಸಂಜೆಪತ್ರಿಕೆಯಲ್ಲಿ ಬರೆಯುತ್ತಾ ಆರಂಭಿಸಿದರು. ಮನೆ, ಮಕ್ಕಳು, ಅಡುಗೆ, ಹೀಗೆ ಹೆಂಗಸರ ವಿಷಯ ಎಂದು ಬದಿಗಿಡುವ ಸಂಗತಿಗಳು. ಅಲ್ಲಿಂದ ಡೆಕ್ಕನ್ ಹೆರಾಲ್ಡ್, ಏಷ್ಯನ್ ಏಜ್ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆಯುವವರೆಗೆ ಬೆಳೆದರು. 2001ರಲ್ಲಿ, ಐವತ್ತರ ವಯಸ್ಸಿನಲ್ಲೇ ತೀರಿಕೊಂಡರು. ಮುಂಬಯಿಯಲ್ಲಿ ಮಹಿಳೆಯರ ದಾಖಲೆಗಳನ್ನು ಕಾಪಾಡುವ 'ಸ್ಪ್ಯಾರೋ' ಸಂಸ್ಥೆ ಅವರ ಸಾವಿರಾರು ಚಿತ್ರಗಳನ್ನು ಜೋಪಾನ ಮಾಡಿದೆ. ಮನೆಯ ಲೆಕ್ಕ ನಡೆಸಿ ಗೊತ್ತಿದ್ದವಳಿಗೆ ದೇಶದ ಬಜೆಟ್ಟಿನಲ್ಲಿ ತೂತು ಎಲ್ಲಿದೆಯೆಂದು ಬೇಗ ಕಾಣುತ್ತದೆ, ಅಷ್ಟೇ.

ಗಾಝಾದ ಉಮಯ್ಯ ಜುಹಾ ಗಣಿತದ ಪದವೀಧರೆ, ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಅದನ್ನು ಬಿಟ್ಟು ವ್ಯಂಗ್ಯಚಿತ್ರಕ್ಕೆ ಬಂದರು. ಅವರ ಸಹಿಯ ಜೊತೆ ಒಂದು ಬೀಗದ ಕೈ ಇರುತ್ತದೆ. 1948ರಲ್ಲಿ ಬೀಗ ಹಾಕಿ ಬಿಟ್ಟುಬಂದ ಮನೆಗಳ ಕೀಲಿಕೈ ಅದು. ಅವರು ಹಿಜಾಬ್ ಧರಿಸಿಯೇ ಈ ಕೆಲಸ ಮಾಡಿದವರು. ಈಜಿಪ್ಟಿನ ದೀನಾ ಮುಹಮ್ಮದ್ 2013ರಲ್ಲಿ, ಹದಿನೆಂಟರ ಹರೆಯದಲ್ಲಿ 'ಕಾಹಿರಾ' ಎಂಬ ಹಿಜಾಬಿನ ನಾಯಕಿಯ ಚಿತ್ರಕಥೆ ಬರೆದರು. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಚುಡಾಯಿಸುವವರಿಗೂ, ಹಿಜಾಬ್ ಕಂಡರೆ ಕನಿಕರಪಡುವವರಿಗೂ ಆಕೆ ಒಂದೇ ಕತ್ತಿ ಬೀಸುತ್ತಾಳೆ. ಬಾಂಗ್ಲಾದೇಶದಲ್ಲಿ ಹುಟ್ಟಿದ ಫಹ್ಮಿದಾ ಅಝೀಮ್, ಚೀನಾದ ಬಂಧನ ಶಿಬಿರದಿಂದ ಪಾರಾದ ಉಯ್ಘುರ್ ಮಹಿಳೆಯೊಬ್ಬರ ಕಥೆಗೆ ಚಿತ್ರ ಬರೆದು 2022ರಲ್ಲಿ ಸಂಗಡಿಗರೊಂದಿಗೆ ಪುಲಿಟ್ಜರ್ ಪಡೆದರು. ಕ್ಯಾಮರಾ ಒಳಹೋಗಲಾಗದ ಜಾಗಕ್ಕೆ ಪೆನ್ಸಿಲ್ ಹೋಗಿ ಬಂತು.

ಬೆಂಗಳೂರಿಗೆ ಹೋಗುವವರು ಎಂ.ಜಿ. ರಸ್ತೆಯ ಬಳಿ, ಟ್ರಿನಿಟಿ ವೃತ್ತದ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಅದನ್ನು 2007ರಿಂದ ನಡೆಸುತ್ತಿದೆ. ಮಾಯಾ ಕಾಮತ್ ಹೆಸರಿನಲ್ಲಿ ಸ್ಪರ್ಧೆಗಳನ್ನೂ ನಡೆಸಿದೆ.

ಇನ್ನು ನೋಟ್‌ಬುಕ್ಕಿನ ವಿಷಯ. ಸುಮಾರು ಒಂದು ವರ್ಷದ ನಂತರ ನಾನು ಅದನ್ನು ಹಿಡಿದು ಅವರ ಮನೆಗೆ ಹೋದೆ. ಹುಡುಗಿ ಆಗ ಹತ್ತನೇ ತರಗತಿ. ತಾಯಿಗೂ ತಂದೆಗೂ ಎದುರಿಗೇ ಹೇಳಿದೆ: ಆ ದಿನ ನಾನು ಯೋಚಿಸದೆ ಮಾತಾಡಿದೆ, ತಪ್ಪು ನನ್ನದು. ಚಿತ್ರದ ವಿಷಯವನ್ನು ಮೌಲಾನಾ ಸಾಹೇಬರ ಬಳಿ ನೀವೇ ಕೇಳಿ. ಅವರೇನು ಹೇಳಿದ್ದಾರೋ ಅಷ್ಟರಲ್ಲಿ ಅವಳು ಬರೆಯಲಿ, ಆದರೆ ಕೇಳುವ ಮೊದಲೇ ಹರಿಯಬೇಡಿ. ತಂದೆ ಪುಸ್ತಕ ಕೈಗೆ ತೆಗೆದುಕೊಂಡರು. ಅವರು ಕಂಪ್ಲಿ ಕಡೆ ಕೋರಿಗೆ ಗದ್ದೆ ಮಾಡುವವರು. ಅಜ್ಜಿಯ ಪುಟದಲ್ಲಿ ತುಂಬ ಹೊತ್ತು ನಿಂತರು. ಸಸಿಯ ಕಟ್ಟು ಹಿಡಿದಿದ್ದ ರೈತನ ಮೇಲೆ ಹೆಬ್ಬೆರಳಿಟ್ಟು, "ಇದು ನಾನಾ?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಅವರು ಏನೂ ಹೇಳದೆ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು ಹೊರಗೆ ಹೋದರು.

ಅಣೆಕಟ್ಟಿನ 33 ಗೇಟುಗಳನ್ನೂ ತೆಗೆದು ಹೊಸದು ಹಾಕುವ ತೀರ್ಮಾನ 2025ರಲ್ಲಿ ಆಯಿತಷ್ಟೆ. ಆ ಸುದ್ದಿ ಬಂದ ವಾರ ಅವಳು ಪಾಠ ಮುಗಿಸಿ, ಉಳಿದ ಮಕ್ಕಳೆಲ್ಲ ಹೋಗುವವರೆಗೆ ಬಾಗಿಲ ಬಳಿ ಚಪ್ಪಲಿ ಹುಡುಕುವವಳಂತೆ ನಿಂತಿದ್ದಳು. ಆಮೇಲೆ ಕೇಳಿದಳು:

"ಆಪಾ, ಅಜ್ಜಿಗೆ ಪೂರ್ತಿ ಹೊಸ ಹಲ್ಲಿನ ಸೆಟ್ಟು ಹಾಕಿಸ್ತಾರಂತೆ. ಈ ಸಲ ಎಷ್ಟು ಬರೀಲಿ? 32 ಬರೀಲಾ, 33 ಬರೀಲಾ?"